ಬೆಲೆಯ ಲಕೋಟೆಯನ್ನು ಕೊನೆಗೆ ತೆರೆಯೋಣ

ಮುಂಬಯಿಯ ನಮ್ಮ ಹೊಟೇಲು ಯಜಮಾನರು ಉದ್ದಿನಬೇಳೆ ಕೊಳ್ಳುವ ರೀತಿಯನ್ನು ವಾಚಕರು ನೋಡಿರಬಹುದು. ಅಂಗಡಿಯವನು ಹೇಳುವ ದರ ಕಿವಿಗೆ ಬಿದ್ದರೂ ಬೀಳದವರಂತೆ ಮೊದಲು ಗೋಣಿಯೊಳಗೆ ಕೈಹಾಕುತ್ತಾರೆ. ನಾಲ್ಕು ಕಾಳನ್ನು ಹಲ್ಲಿಗೆ ಕೊಟ್ಟು ನೋಡುತ್ತಾರೆ. ಒಂದು ಕಿಲೋ ತರಿಸಿ, ನೆನೆಹಾಕಿ, ರುಬ್ಬಿಸಿ, ಹಿಟ್ಟು ಎಷ್ಟು ಒದಗಿತೆಂದು ಕಂಡುಕೊಂಡ ಮೇಲೆಯೇ ಹತ್ತು ಚೀಲದ ಮಾತು. ಕಾಫಿಪುಡಿಗೂ ಹಾಗೆಯೇ, ತೆಂಗಿನಕಾಯಿಗೂ ಹಾಗೆಯೇ. ಅದೇ ಯಜಮಾನರು ತಮ್ಮ ಮೂರು ನಾಲ್ಕು ಶಾಖೆಗಳಿಗೆ ಇಂಟರ್‌ನೆಟ್ ಸಂಪರ್ಕ ಕೊಳ್ಳುವಾಗ ಕೇಳುವ ಪ್ರಶ್ನೆಗಳು ಎರಡೇ: "ಎಷ್ಟು ಎಂಬಿ? ತಿಂಗಳಿಗೆ ಎಷ್ಟು?" ಉತ್ತರ ಬಂದೊಡನೆ ಅತಿ ಕಡಿಮೆ ಹೇಳಿದವನಿಗೆ ಸಹಿ. ಬೇಳೆಯ ವಿಷಯದಲ್ಲಿ ಇರುವ ಬುದ್ಧಿ ತಂತಿಯ ವಿಷಯದಲ್ಲಿ ಎಲ್ಲಿ ಹೋಯಿತು?

ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುತ್ತಿದ್ದಾಗ ನಾವು ಈ ಮಾತನ್ನು ಆಡಿಯೇಬಿಟ್ಟೆವು. ಹಿರಿಯ ಉದ್ಯಮಿಯೊಬ್ಬರು ನಕ್ಕರು. "ಎಲ್ಲಾ ಕಂಪೆನಿಗಳೂ ಒಂದೇ ಮಾರಾಯ್ರೆ. ಯಾವನು ಕಡಿಮೆಗೆ ಕೊಡುತ್ತಾನೋ ಅವನದ್ದು ತೆಗೆದುಕೊಳ್ಳುವುದು. ಸರಕಾರಿ ಗುಮಾಸ್ತರಿಗೆ ವ್ಯಾಪಾರ ಏನು ಗೊತ್ತು?" ಎಂದರು. ಸುತ್ತ ಇದ್ದವರೂ ನಕ್ಕರು. ಹಿರಿಯರೆಂಬ ಗೌರವದಿಂದ ನಾವು ಅಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತಿದ್ದೇವೆ. ಅವರ ಮನಸ್ಸು ನೋಯಿಸುವುದು ನಮ್ಮ ಉದ್ದೇಶವಲ್ಲ. ಆ ಅಭಿಪ್ರಾಯ ಅವರೊಬ್ಬರದಲ್ಲ, ನಮ್ಮವರಲ್ಲಿ ನೂರಕ್ಕೆ ತೊಂಬತ್ತು ಮಂದಿಯದು ಎಂಬುದೇ ನಮ್ಮ ಚಿಂತೆ.

ಹೌದು, ನಾವು ಗುಮಾಸ್ತರೇ. ಬಿ.ಎಸ್ಸಿ. ಮುಗಿಸಿ ಈ ಊರಿಗೆ ಬಂದು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಎರಡು ದಶಕ ಕಳೆದೆವು. ಅದರಲ್ಲಿ ಬಹುಪಾಲು ಖರೀದಿ ವಿಭಾಗದ ಫೈಲುಗಳ ನಡುವೆಯೇ. ಸರಕಾರ ಎಂದರೆ 'ಎಲ್-ಒನ್', ಅಂದರೆ ಕಡಿಮೆ ಬೆಲೆ ಹೇಳಿದವನಿಗೆ ಕಣ್ಣುಮುಚ್ಚಿ ಕೊಡುವುದು ಎಂದು ಹೊರಗಿನವರು ಹಾಸ್ಯ ಮಾಡುತ್ತಾರೆ. ಅವರಿಗೆ ತಿಳಿಯದ ಸಂಗತಿ ಒಂದಿದೆ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಎರಡು ಲಕೋಟೆಗಳ ಪದ್ಧತಿ ಇದೆ. ತಾಂತ್ರಿಕವಾಗಿ ಜಟಿಲವಾದ ವಸ್ತುವನ್ನೋ ಸೇವೆಯನ್ನೋ ಕೊಳ್ಳುವಾಗ ಮಾರುವವನು ಎರಡು ಲಕೋಟೆ ಕೊಡಬೇಕು. ಮೊದಲನೆಯದರಲ್ಲಿ ವಸ್ತುವಿನ ಗುಣ, ಎರಡನೆಯದರಲ್ಲಿ ಬೆಲೆ. ಮೊದಲನೆಯದರಲ್ಲಿ ತೇರ್ಗಡೆಯಾದವರ ಬೆಲೆಯನ್ನು ಮಾತ್ರ ತೆರೆಯುವುದು. ಉಳಿದವರದು ಮುಚ್ಚಿದ್ದಲ್ಲೇ ಇರುತ್ತದೆ. ಅಂದರೆ ಕಡಿಮೆ ಬೆಲೆ ಎಂಬುದು ಯೋಗ್ಯರ ನಡುವಿನ ಪಂದ್ಯ. ನಮ್ಮ ಉದ್ಯಮಿಗಳು ಮಾಡುತ್ತಿರುವುದು ಮೊದಲನೆಯ ಲಕೋಟೆಯೇ ಇಲ್ಲದ ಎಲ್-ಒನ್. ಸರಕಾರವೂ ಮಾಡದ ತಪ್ಪು ಅದು.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಅಕ್ಕನ ಯಜಮಾನರು, ಭಾವನವರು, ಈ ಪಟ್ಟಣದಲ್ಲಿ ಮೂರು ಉಪಾಹಾರಗೃಹಗಳನ್ನು ನಡೆಸುತ್ತಾರೆ. ಮಾಟುಂಗದಲ್ಲೊಂದು, ಠಾಣೆಯಲ್ಲೊಂದು, ಡೊಂಬಿವಲಿಯಲ್ಲೊಂದು. ಮೂರಕ್ಕೂ ಹಿಟ್ಟು, ಚಟ್ನಿ, ಸಾಂಬಾರು ಹೋಗುವುದು ಮುಲುಂಡಿನ ದೊಡ್ಡ ಅಡುಗೆಮನೆಯಿಂದ. ಲೆಕ್ಕದ ಕಂಪ್ಯೂಟರೂ ಅಲ್ಲಿಯೇ. ಅಂಗಡಿಗಳಲ್ಲಿ ಒಂದು ದೋಸೆಯ ಬಿಲ್ಲು ಹರಿದರೂ ಅದು ಮುಲುಂಡಿನ ಯಂತ್ರಕ್ಕೆ ಹೋಗಿ ದಾಖಲಾಗಿ ಬರಬೇಕು. ಮೂರು ಅಂಗಡಿಗಳ ಕ್ಯಾಮೆರಾ ಚಿತ್ರಗಳನ್ನು ಒಂದೇ ಕಡೆ ಕೂತು ನೋಡಬೇಕೆಂಬ ಆಸೆಯಿಂದ, ಅಂಗಡಿಗಳ ಸಮಸ್ತ ಸಂಚಾರವೂ ಮುಲುಂಡಿನ ಪೆಟ್ಟಿಗೆಯೊಂದರ ಮೂಲಕವೇ ಹೊರಗೆ ಹೋಗುವಂತೆ ಯಾರೋ ಜೋಡಿಸಿಕೊಟ್ಟಿದ್ದರು. ಅಷ್ಟು ಮುಖ್ಯವಾದ ಜಾಗವೆಂದು ಮುಲುಂಡಿಗೆ ಭಾವನವರು ಎರಡು ಸಂಪರ್ಕಗಳನ್ನು ಹಾಕಿಸಿದ್ದರು, ಅದೂ ಎರಡು ಬೇರೆ ಬೇರೆ ಕಂಪೆನಿಗಳಿಂದ. "ಒಂದು ಹೋದರೆ ಇನ್ನೊಂದು ಇದ್ದೇ ಇದೆ" ಎಂದು ಎದೆತಟ್ಟಿ ಹೇಳುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಎರಡೂ ಒಟ್ಟಿಗೆ ಹೋದವು. ಮುಲುಂಡಿನ ಆ ರಸ್ತೆಯನ್ನು ಕಾಂಕ್ರೀಟು ಮಾಡುತ್ತಿದ್ದರು. ಜೆಸಿಬಿಯ ಒಂದೇ ಕೈ ಎರಡು ಕಂಪೆನಿಗಳ ಕೇಬಲುಗಳನ್ನೂ ಎತ್ತಿಹಾಕಿತು. ಏಕೆಂದರೆ ಎರಡೂ ಒಂದೇ ಕಾಲುವೆಯಲ್ಲಿ ಅಕ್ಕಪಕ್ಕ ಮಲಗಿದ್ದವು. ಮುಲುಂಡು ಹೋದೊಡನೆ ಮಾಟುಂಗ, ಠಾಣೆ, ಡೊಂಬಿವಲಿ ಮೂರೂ ಕುರುಡಾದವು. ಆಯಾ ಅಂಗಡಿಯ ತಂತಿ ಚೆನ್ನಾಗಿಯೇ ಇತ್ತು. ಹೋಗಬೇಕಾದ ಬಾಗಿಲು ಮಾತ್ರ ಮುಚ್ಚಿತ್ತು. ಭಾನುವಾರದ ತಿಂಡಿಯ ಹೊತ್ತು ಎಂದರೆ ಏನೆಂದು ವಾಚಕರಿಗೆ ಹೇಳಬೇಕಾಗಿಲ್ಲ. ದುರಸ್ತಿ ಆದದ್ದು ಮಧ್ಯಾಹ್ನ ಎರಡಕ್ಕೆ.

ಠಾಣೆಯ ಗಲ್ಲಾದಲ್ಲಿ ಕುಂದಾಪುರದ ಕಡೆಯ ಇಪ್ಪತ್ತೆರಡರ ಹುಡುಗನೊಬ್ಬನಿದ್ದ. ಊರಿನಿಂದ ಬಂದು ಎರಡು ವರ್ಷವಾಗಿತ್ತು. ಅವನು ಕೈಕಟ್ಟಿ ಕೂರಲಿಲ್ಲ. ಚೀಟಿ ಹರಿದು ಕೈಬಿಲ್ಲು ಬರೆದ. ಕಾರ್ಡಿನ ಯಂತ್ರವನ್ನು ತನ್ನ ಸ್ವಂತ ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿಕೊಂಡ. ನೆಲಮಹಡಿಯ ಆ ಮೂಲೆಯಲ್ಲಿ ಸಿಗ್ನಲ್ಲು ಬಂದು ಬಂದು ಹೋಗುತ್ತಿತ್ತು. ಗಿರಾಕಿ ಕಾರ್ಡು ಉಜ್ಜಿದರೆ ಯಂತ್ರ ಸುತ್ತುತ್ತಲೇ ಇರುತ್ತಿತ್ತು. ಗಿರಾಕಿಯ ಮೊಬೈಲಿಗೆ ಮಾತ್ರ ಬ್ಯಾಂಕಿನ ಸಂದೇಶ ಬರುತ್ತಿತ್ತು, ಹಣ ಕಳೆದಿದೆ ಎಂದು. ಹಿಂದೆ ಮೂವತ್ತು ಜನ ನಿಂತಿರುವಾಗ ಹುಡುಗ ಆ ಸಂದೇಶ ನೋಡಿ ಪಾರ್ಸೆಲು ಕೊಟ್ಟ. ರಾತ್ರಿ ಲೆಕ್ಕ ಹಾಕಿದಾಗ ಸಾವಿರಗಟ್ಟಲೆ ರೂಪಾಯಿ ಕೊರತೆ ಬಂತು.

ಭಾವನವರು ಕೆಟ್ಟವರಲ್ಲ. ಆದರೆ ದಣಿದಿದ್ದರು, ಸಿಟ್ಟಿನಲ್ಲಿದ್ದರು. ಎಲ್ಲರೆದುರು ಒಂದು ಮಾತು ಆಡಿದರು. "ನಾನು ತೆಗೆದಿಲ್ಲ ಧಣಿ" ಎಂದು ಹುಡುಗ ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ. ಮರುದಿನ ಚೀಲ ಕಟ್ಟಿಕೊಂಡು ಮತ್ಸ್ಯಗಂಧ ಹತ್ತಿದ.

ಆ ವಾರದಲ್ಲೇ ಸತ್ಯ ಹೊರಗೆ ಬಂತು. ರಿಜರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮವಿದೆ: ಅಂಗಡಿಯ ಯಂತ್ರದಲ್ಲಿ ಕಾರ್ಡು ಉಜ್ಜಿ ಗಿರಾಕಿಯ ಖಾತೆಯಿಂದ ಹಣ ಕಳೆದು, ಅಂಗಡಿಗೆ ದೃಢೀಕರಣ ಬಾರದೇ ಹೋದರೆ, ಐದು ದಿನಗಳೊಳಗೆ ಹಣವನ್ನು ಗಿರಾಕಿಗೆ ತಾನಾಗಿ ಹಿಂತಿರುಗಿಸಬೇಕು; ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ಆ ಭಾನುವಾರ ಹೀಗೆ ಅರ್ಧಕ್ಕೆ ನಿಂತ ವ್ಯವಹಾರಗಳ ಹಣವೆಲ್ಲ ಗಿರಾಕಿಗಳಿಗೆ ಹಿಂತಿರುಗಿತ್ತು. ಪಾರ್ಸೆಲು ಹೊರಗೆ ಹೋಗಿತ್ತು, ಹಣ ಒಳಗೆ ಬಂದಿರಲಿಲ್ಲ. ನಾವೇ ಭಾವನವರ ಜೊತೆ ಕೂತು ಕೈಬಿಲ್ಲುಗಳನ್ನೂ ಯಂತ್ರದ ಪಟ್ಟಿಯನ್ನೂ ತಾಳೆ ನೋಡಿದೆವು. ರೂಪಾಯಿಗೆ ರೂಪಾಯಿ ಸರಿಹೊಂದಿತು. ಭಾವನವರು ಹುಡುಗನಿಗೆ ಫೋನು ಮಾಡಿದರು. ಅವನು ಗೌರವದಿಂದಲೇ ಮಾತಾಡಿದ. ಆದರೆ ತಿರುಗಿ ಬರಲಿಲ್ಲ.

ಈಗ ಹೇಳಿ: ತಿಂಗಳಿಗೆ ಉಳಿಸಿದ ನಾನೂರು ಐನೂರು ರೂಪಾಯಿಯ ಲೆಕ್ಕವನ್ನು ಯಾವ ಖಾತೆಯಲ್ಲಿ ಬರೆಯೋಣ?

ಇನ್ನು ಮೊದಲನೆಯ ಲಕೋಟೆಯಲ್ಲಿ ಏನಿರಬೇಕು ಎಂಬುದನ್ನು ನೋಡೋಣ.

ಜಾಹೀರಾತಿನ ಅಂಕಿಯಿಂದಲೇ ಆರಂಭಿಸೋಣ. "300 ಎಂಬಿಪಿಎಸ್ ವರೆಗೆ" ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಅದರಲ್ಲಿ 'ವರೆಗೆ' ಎಂಬ ಸಣ್ಣ ಅಕ್ಷರದ ಪದವೇ ನಿಜವಾದ ಪದ. ಮನೆಗಳಿಗೆ ಕೊಡುವ ಫೈಬರ್ ಸಂಪರ್ಕದಲ್ಲಿ ಬಹಳ ಕಡೆ ಬಳಕೆಯಲ್ಲಿರುವುದು ಜಿಪಾನ್ ಎಂಬ ವ್ಯವಸ್ಥೆ. ಒಂದು ಗಾಜಿನ ಎಳೆಯಲ್ಲಿ ಗ್ರಾಹಕರತ್ತ ಸುಮಾರು 2,488 ಎಂಬಿಪಿಎಸ್, ಗ್ರಾಹಕರಿಂದ ಹಿಂದಕ್ಕೆ ಸುಮಾರು 1,244 ಎಂಬಿಪಿಎಸ್ ಹರಿಯಬಲ್ಲದು. ಆ ಎಳೆಯನ್ನು 32 ಅಥವಾ 64 ಗ್ರಾಹಕರಿಗೆ ಹಂಚುತ್ತಾರೆ. 32 ಜನ ಒಟ್ಟಿಗೆ ಪೂರ್ತಿ ಬಳಸಿದರೆ ತಲೆಗೆ ಬರುವುದು ಸುಮಾರು 78. 64 ಜನರಾದರೆ 39. ಇದು ಮೋಸವಲ್ಲ, ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಎಂಬ ಲೆಕ್ಕಾಚಾರ. ಮನೆಗೆ ಅದು ಸಾಕು. ಆದರೆ ಸುತ್ತಲಿನ ಕಟ್ಟಡಗಳವರು ಸಂಜೆ ಕ್ರಿಕೆಟ್ ನೋಡಲು ಕೂರುವ ಹೊತ್ತೇ ಹೊಟೇಲಿನಲ್ಲೂ ಜನ ತುಂಬುವ ಹೊತ್ತು ಎಂಬುದನ್ನು ಯಜಮಾನರು ಮರೆಯಬಾರದು. ಬ್ರಾಡ್‌ಬ್ಯಾಂಡ್ ಎಂಬ ಪದವನ್ನು ನಂಬಿ ಕೂರುವಂತೆಯೂ ಇಲ್ಲ. 2004ರ ಸರಕಾರಿ ವ್ಯಾಖ್ಯೆಯಲ್ಲಿ ಅದು ಕನಿಷ್ಠ 256 ಕಿಲೋಬಿಟ್. 2013ರಲ್ಲಿ 512 ಆಯಿತು. 2023ರಲ್ಲಿ 2 ಎಂಬಿಪಿಎಸ್ ಆಯಿತು. ಪದ ಕೊಡುವ ಅಭಯ ಅಷ್ಟೇ.

ಅಲ್ಲದೆ ನಮಗೆ ಬೇಕಾದದ್ದಾದರೂ ಎಷ್ಟು? ಒಂದು ಬಿಲ್ಲು ಎಂದರೆ ಕೆಲವು ಕಿಲೋಬೈಟು. ಕಾರ್ಡಿನ ವ್ಯವಹಾರ ಅದಕ್ಕಿಂತಲೂ ಚಿಕ್ಕದು. ಇವಕ್ಕೆ 300 ಏಕೆ, 5 ಎಂಬಿಪಿಎಸ್ ಕೂಡ ರಾಜಬೀದಿಯೇ, ಕಡಿಯದೆ ಇದ್ದರೆ! ನಿಜವಾಗಿ ತಿನ್ನುವುದು ಕ್ಯಾಮೆರಾಗಳು. ಸಾಮಾನ್ಯವಾದ ಸ್ಪಷ್ಟ ಚಿತ್ರದ ಕ್ಯಾಮೆರಾ ಒಂದಕ್ಕೆ 2ರಿಂದ 4 ಎಂಬಿಪಿಎಸ್ ಬೇಕು. ಎಂಟು ಕ್ಯಾಮೆರಾಗಳೆಂದರೆ 16ರಿಂದ 32. ಅದೂ ಒಳಕ್ಕೆ ಬರುವ ದಿಕ್ಕಿನಲ್ಲಲ್ಲ, ಹೊರಕ್ಕೆ ಹೋಗುವ ದಿಕ್ಕಿನಲ್ಲಿ. ನಮ್ಮವರು ಕೇಳುವುದು ಒಳಕ್ಕೆ ಬರುವ ವೇಗವನ್ನು. ಕಷ್ಟ ಬರುವುದು ಹೊರಕ್ಕೆ ಹೋಗುವ ವೇಗದಲ್ಲಿ. ಕ್ಯಾಮೆರಾದ ದಾಖಲೆ ಆಯಾ ಅಂಗಡಿಯ ಪೆಟ್ಟಿಗೆಯಲ್ಲೇ ಇರಲಿ, ನೋಡಬೇಕೆನಿಸಿದಾಗ ಮಾತ್ರ ತರಿಸಿಕೊಂಡು ನೋಡಲಿ. ಅರ್ಧ ಭಾರ ಅಲ್ಲಿಗೇ ಇಳಿಯುತ್ತದೆ.

ಇನ್ನು ಶೇಕಡಾವಾರಿನ ಮಾತು. "ನಮ್ಮದು ನೂರಕ್ಕೆ 99 ಪಾಲು ಇರುತ್ತದೆ ಸಾರ್" ಎಂದು ಮಾರಲು ಬಂದ ಹುಡುಗ ಹೇಳಿದರೆ ನಾವು ತಲೆದೂಗುತ್ತೇವೆ. ಪರೀಕ್ಷೆಯಲ್ಲಿ 99 ಬಂದರೆ ಹಬ್ಬವಲ್ಲವೆ! ಆದರೆ ಮೂವತ್ತು ದಿನಗಳ ತಿಂಗಳೆಂದರೆ 720 ಗಂಟೆ. ಅದರಲ್ಲಿ ಒಂದು ಪಾಲು ಹೋದರೆ 7 ಗಂಟೆ 12 ನಿಮಿಷ. 99.5 ಎಂದರೆ 3 ಗಂಟೆ 36 ನಿಮಿಷ. 99.9 ಎಂದರೆ 43 ನಿಮಿಷ. ಅರ್ಧ ಅಂಕಕ್ಕೆ ಇಷ್ಟು ವ್ಯತ್ಯಾಸ. ಶಾಖೆಗಳು ಹೆಚ್ಚಾದಂತೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ನಾಲ್ಕು ಜಾಗಗಳು, ಪ್ರತಿಯೊಂದೂ 99, ಒಂದರ ತೊಂದರೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಇಟ್ಟುಕೊಳ್ಳಿ. ನಾಲ್ಕೂ ಒಟ್ಟಿಗೆ ನೆಟ್ಟಗಿರುವ ಸಂಭವ ನೂರಕ್ಕೆ ಸುಮಾರು 96. ಅಂದರೆ ತಿಂಗಳಲ್ಲಿ ಸುಮಾರು 28 ಗಂಟೆ ಎಲ್ಲಾದರೂ ಒಂದು ಕಡೆ ಏನಾದರೂ ಕೆಟ್ಟೇ ಇರುತ್ತದೆ. ಒಂದೇ ಅಂಗಡಿ ಇದ್ದಾಗ ನಡೆದ ಪದ್ಧತಿ ನಾಲ್ಕಾದಾಗ ನಡೆಯುವುದಿಲ್ಲ ಎಂಬುದಕ್ಕೆ ಇದೇ ಕಾರಣ.

ಹಾಗಾದರೆ ಉಪಾಯ? ಅದೇ ಗಣಿತ ಉಪಾಯವನ್ನೂ ಹೇಳುತ್ತದೆ. ನೂರರಲ್ಲಿ ಒಂದು ಪಾಲು ಕೆಡುವ ಎರಡು ಸಾಮಾನ್ಯ ಸಂಪರ್ಕಗಳನ್ನು ಒಂದೇ ಜಾಗಕ್ಕೆ ಹಾಕಿಸಿದರೆ, ಎರಡೂ ಒಟ್ಟಿಗೆ ಕೆಡುವ ಸಂಭವ ಹತ್ತು ಸಾವಿರದಲ್ಲಿ ಒಂದು. ತಿಂಗಳಿಗೆ ನಾಲ್ಕು ನಿಮಿಷದ ಆಸುಪಾಸು. ದುಬಾರಿಯಾದ ಯಾವ ಒಂಟಿ ತಂತಿಯೂ ಇಷ್ಟು ಕೊಡುವುದು ಕಷ್ಟ. ಆದರೆ ಈ ಗುಣಾಕಾರಕ್ಕೆ ಒಂದು ಷರತ್ತಿದೆ: ಎರಡೂ ಒಂದಕ್ಕೊಂದು ಸಂಬಂಧವಿಲ್ಲದೆ ಕೆಡಬೇಕು. ಒಂದೇ ಕಂಬ, ಒಂದೇ ಕಾಲುವೆ, ಒಂದೇ ಮೆಟ್ಟಿಲ ಕೆಳಗಿನ ಪೆಟ್ಟಿಗೆ ಆದರೆ ಗುಣಾಕಾರವೂ ಇಲ್ಲ, ಗುಣವೂ ಇಲ್ಲ. ಎರಡು ಕಂಪೆನಿಗಳ ಎರಡು ಬಿಲ್ಲು ಕಟ್ಟಿ ಒಂದೇ ಹಗ್ಗಕ್ಕೆ ಜೋತುಬಿದ್ದಂತೆ. ಭಾವನವರಿಗೆ ಆದದ್ದು ಇದೇ. ಆದ್ದರಿಂದ ನಾವು ಹೇಳುವುದು: ಕಂಪೆನಿಯ ಹೆಸರನ್ನು ನೋಡಬೇಡಿ, ದಾರಿಯನ್ನು ನೋಡಿ. ಒಂದು ನೆಲದೊಳಗಿನ ಫೈಬರಾದರೆ ಇನ್ನೊಂದು ಆಕಾಶದಲ್ಲಿ ಬರಲಿ, ಅಂದರೆ ಮೊಬೈಲ್ ಗೋಪುರದಿಂದ ಬರುವ 4ಜಿ ಅಥವಾ 5ಜಿ ಸಂಪರ್ಕ. ಅದೂ ಬೇರೆ ಕಂಪೆನಿಯದಾಗಿರಲಿ. ಒಂದು ಕಡಿದಾಗ ಇನ್ನೊಂದಕ್ಕೆ ತಾನಾಗಿ ದಾಟುವ ಎರಡು ಬಾಯಿಯ ರೂಟರುಗಳು ಪೇಟೆಯಲ್ಲಿ ಸಿಗುತ್ತವೆ. ತಿಂಗಳಿಗೊಮ್ಮೆ, ಗಿರಾಕಿ ಇಲ್ಲದ ಹೊತ್ತು, ಮೊದಲನೆಯ ತಂತಿಯನ್ನು ಕೈಯಾರೆ ಕಿತ್ತು ದಾಟುತ್ತದೆಯೇ ಎಂದು ನೋಡಿ. ಬೇಳೆಯನ್ನು ರುಬ್ಬಿ ನೋಡುವುದೆಂದರೆ ಇದೇ.

ನೆಲ ಅಗೆಯುವವನು ಮುಂಬಯಿಗೆ ಮಾತ್ರ ಮೀಸಲಾದ ಶತ್ರುವಲ್ಲ. ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಯ ಬಂಧುಗಳೂ ಅವನನ್ನು ಬಲ್ಲರು. 2023ರ ಮಾರ್ಚಿನಲ್ಲಿ ಕೇಂದ್ರ ಸರಕಾರವೇ 'ಅಗೆಯುವ ಮುನ್ನ ಕರೆ ಮಾಡಿ' ಎಂಬ ಆ್ಯಪ್ ಹೊರತಂದಿತು. ಹೊಂದಾಣಿಕೆಯಿಲ್ಲದ ಅಗೆತದಿಂದ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವೆಂದು ಆಗ ಸರಕಾರವೇ ಹೇಳಿತು. ನಮ್ಮ ಕೈಮೀರಿದ ಕಡಿತಗಳೂ ಇವೆ. 2008ರ ಜನವರಿಯ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಕೇಬಲುಗಳು ಕಡಿದು ಇಡೀ ಭಾರತದ ಇಂಟರ್‌ನೆಟ್ ಕುಂಟಿತು. ಅದಕ್ಕೆ ಯಾವ ಹೊಟೇಲಿನವನೂ ಹೊಣೆಯಲ್ಲ. ಆದರೆ ನಮ್ಮ ಬಾಗಿಲ ಮುಂದಿನ ಜೆಸಿಬಿಗೆ ಸಿದ್ಧರಾಗಿರುವುದು ನಮ್ಮ ಹೊಣೆ.

ಸಂಪರ್ಕ ಎಷ್ಟೇ ಇರಲಿ, ಜೋಡಣೆ ಕೆಟ್ಟದ್ದಾದರೆ ಫಲವಿಲ್ಲ. ಎಲ್ಲಾ ಶಾಖೆಗಳ ಜುಟ್ಟನ್ನೂ ಒಂದೇ ಗೂಟಕ್ಕೆ ಕಟ್ಟಬಾರದು. ಶಾಖೆಯ ಸಾಮಾನ್ಯ ಸಂಚಾರ ಆ ಶಾಖೆಯಿಂದಲೇ ನೇರವಾಗಿ ಹೊರಗೆ ಹೋಗಲಿ. ಲೆಕ್ಕ ಮಾತ್ರ ಮುಖ್ಯ ಕಚೇರಿಗೆ ಹೋಗಲಿ. ಸಂಪರ್ಕವಿಲ್ಲದಾಗ ಬಿಲ್ಲನ್ನು ಅಂಗಡಿಯಲ್ಲೇ ಬರೆದಿಟ್ಟುಕೊಂಡು, ಬಂದಾಗ ಕಳಿಸುವ ಬಿಲ್ಲಿಂಗ್ ತಂತ್ರಾಂಶಗಳಿವೆ, ಅಂಥದ್ದನ್ನೇ ಕೊಳ್ಳಬೇಕು. ಫೈಬರಿನ ಪೆಟ್ಟಿಗೆಗೂ ರೂಟರಿಗೂ ಚಿಕ್ಕ ಯುಪಿಎಸ್ ಬೇಕು. ಕರೆಂಟು ಹೋದಾಗ ಮಿಕ್ಸಿ ನಿಂತರೆ ಚಟ್ನಿ ಕಾಯುತ್ತದೆ, ರೂಟರು ನಿಂತರೆ ಗಲ್ಲಾ ಕಾಯುವುದಿಲ್ಲ.

ಈಗ ಕಾಗದದ ಮಾತಿಗೆ ಬರೋಣ. ನಮ್ಮವರು ಎಲ್ಲಕ್ಕಿಂತ ಹೆಚ್ಚು ಅಸಡ್ಡೆ ತೋರುವುದು ಇಲ್ಲಿಯೇ. "ಏನಾದರೂ ಆದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇವೆ" ಎನ್ನುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆಯುವವರನ್ನು 'ಗ್ರಾಹಕ' ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವನಿಗೆ ಮಾತ್ರ ಅಲ್ಲಿ ಜಾಗವಿದೆ. ನಾಲ್ಕು ಶಾಖೆ, ಅರುವತ್ತು ಕೆಲಸಗಾರರು ಇರುವ ಯಜಮಾನರು ಆ ಬಾಗಿಲಲ್ಲಿ ಮೊದಲು ತಾವು ಗ್ರಾಹಕರೆಂದೇ ವಾದಿಸಬೇಕಾಗುತ್ತದೆ. ಆದ್ದರಿಂದ ಅವರನ್ನು ಕಾಯುವುದು ಸಹಿ ಹಾಕಿದ ಕರಾರು ಮಾತ್ರ. ಮನೆಯ ಯೋಜನೆಯಲ್ಲಿ ಅಂಥ ಕರಾರು ಇರುವುದಿಲ್ಲ. ವ್ಯಾಪಾರದ ಸಂಪರ್ಕದಲ್ಲಿ, ಅದರಲ್ಲೂ ಲೀಸ್ಡ್ ಲೈನಿನಲ್ಲಿ, ಸೇವಾ ಮಟ್ಟದ ಕರಾರು ಎಂಬುದೊಂದು ಇರುತ್ತದೆ. ತಿಂಗಳಿಗೆ ಎಷ್ಟು ಹೊತ್ತು ಇರಬೇಕು, ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿಯಾಗಬೇಕು, ಆಗದಿದ್ದರೆ ಬಾಡಿಗೆಯಲ್ಲಿ ಎಷ್ಟು ಕಡಿತ ಎಂದು ಅದರಲ್ಲಿ ಬರೆದಿರುತ್ತದೆ. ಓದಿ ಸಹಿ ಹಾಕಬೇಕು. ಮರಳಿ ಸಿಗುವುದು ಬಾಡಿಗೆಯ ಪಾಲೇ ಹೊರತು ಆ ದಿನದ ವ್ಯಾಪಾರವಲ್ಲ ಎಂಬುದೂ ತಿಳಿದಿರಲಿ.

ಹೀಗೆ ನೋಡಿದರೆ ಮೊದಲನೆಯ ಲಕೋಟೆಗೆ ನಾವು ಬರೆಯುವ ಪ್ರಶ್ನೆಗಳು ಆರು:

1. ನಮ್ಮ ಪ್ರತಿಯೊಂದು ಜಾಗಕ್ಕೂ ನಿಮ್ಮ ತಂತಿ ಯಾವ ದಾರಿಯಲ್ಲಿ ಬರುತ್ತದೆ? ಕಟ್ಟಡದೊಳಗೆ ಎಲ್ಲಿಂದ ಪ್ರವೇಶಿಸುತ್ತದೆ? ತೋರಿಸಿ.

2. ಹೊರಕ್ಕೆ ಹೋಗುವ ವೇಗ ಎಷ್ಟು? ಜನಸಂದಣಿಯ ಹೊತ್ತಿನಲ್ಲಿ ಎಷ್ಟು?

3. ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿಮಾಡುತ್ತೀರಿ? ಭಾನುವಾರವೂ ಅಷ್ಟೇ ಗಂಟೆಯೆ? ಬರೆದು ಕೊಡಿ.

4. ಸ್ಥಿರವಾದ ಐಪಿ ವಿಳಾಸ ಕೊಡುತ್ತೀರಾ? (ಅಗ್ಗದ ಸಂಪರ್ಕಗಳಲ್ಲಿ ನೂರಾರು ಜನರಿಗೆ ಒಂದೇ ಹೊರವಿಳಾಸ ಇರುವುದುಂಟು, ಚಾಳಿಗೆಲ್ಲಾ ಒಂದೇ ಅಂಚೆಪೆಟ್ಟಿಗೆ ಇದ್ದಂತೆ. ಹೊರಗಿನಿಂದ ಅಂಗಡಿಯ ಯಂತ್ರವನ್ನು ತಲುಪಲು ಅದು ತೊಡಕು.)

5. ನಿಮ್ಮ ತಂತಿ ಹಾದುಬರುವ ಮಧ್ಯದ ಪೆಟ್ಟಿಗೆಗಳಿಗೆ ಕರೆಂಟು ಎಲ್ಲಿಂದ? ಪಕ್ಕದ ಕಟ್ಟಡದ ಮೀಟರಿನಿಂದಲೆ?

6. ಇದೇ ಬೀದಿಯಲ್ಲಿ ನಿಮ್ಮ ಸಂಪರ್ಕವಿರುವ ಎರಡು ಅಂಗಡಿಗಳನ್ನು ತೋರಿಸಿ, ನಾವೇ ಹೋಗಿ ಕೇಳುತ್ತೇವೆ.

ಇವಕ್ಕೆ ಉತ್ತರ ಕೊಟ್ಟವರ ಬೆಲೆಯನ್ನು ಮಾತ್ರ ಕೇಳಿ. ಕೇಳುವಾಗ ನೂರಕ್ಕೆ 18ರ ಜಿಎಸ್‌ಟಿ ಸೇರಿಸಿ ಕೇಳಿ. ಗಿರಾಕಿಗಳಿಂದ 5ರ ದರದಲ್ಲಿ ತೆರಿಗೆ ಪಡೆಯುವ ಉಪಾಹಾರಗೃಹಗಳಿಗೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲವಾದ್ದರಿಂದ ಆ 18 ಪೂರ್ತಿ ಖರ್ಚೇ. ಕೆಟ್ಟಾಗ ದೂರನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಟ್ರಾಯ್‌ನ 2012ರ ನಿಯಮದಂತೆ ದೂರಿಗೆ ಸಂಖ್ಯೆ ಕೊಡಬೇಕು. ಪರಿಹಾರ ತೃಪ್ತಿಕರವಲ್ಲವಾದರೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅವಕಾಶವಿದೆ. ಸಂಖ್ಯೆ ಇಲ್ಲದ ದೂರು ದೂರೇ ಅಲ್ಲ ಎಂದು ಗುಮಾಸ್ತರಾದ ನಾವು ಅನುಭವದಿಂದ ಹೇಳುತ್ತೇವೆ.

ನಮ್ಮ ವಿರುದ್ಧ ಬರುವ ವಾದಗಳನ್ನು ನಾವು ಬಲ್ಲೆವು. "ಲೀಸ್ಡ್ ಲೈನು ಹಲವು ಪಟ್ಟು ದುಬಾರಿ" ಎನ್ನುತ್ತಾರೆ. ನಿಜ. ನಾಲ್ಕೂ ಕಡೆ ಹಾಕಿಸಿ ಎಂದು ಹೇಳುವವರು ಮಾರಲು ಬಂದವರು, ನಾವಲ್ಲ. ಲೆಕ್ಕದ ಯಂತ್ರವಿರುವ ಒಂದು ಜಾಗಕ್ಕೆ ಅದು ಬೇಕೆ ಎಂದು ಯೋಚಿಸಿ. ಉಳಿದ ಕಡೆ ಒಂದು ಫೈಬರು, ಒಂದು ಮೊಬೈಲ್ ಸಂಪರ್ಕ ಸಾಕು. "ನಮ್ಮ ಕೇಬಲಿನವನು ಗುರುತಿನವನು, ರಾತ್ರಿ ಹತ್ತಕ್ಕೆ ಕರೆದರೂ ಏಣಿ ಹಿಡಿದು ಬರುತ್ತಾನೆ" ಎನ್ನುತ್ತಾರೆ. ಇದನ್ನು ನಾವು ತಳ್ಳಿಹಾಕುವುದಿಲ್ಲ. ಫೋನಿನಲ್ಲಿ ಒಂದು ಒತ್ತಿ ಎರಡು ಒತ್ತಿ ಎನ್ನುವ ದೊಡ್ಡ ಕಂಪೆನಿಗಿಂತ ಏಣಿ ಹಿಡಿದು ಬರುವವನು ಮೇಲೇ. ಅವನನ್ನು ಇಟ್ಟುಕೊಳ್ಳಿ, ಅವನೊಬ್ಬನನ್ನೇ ಇಟ್ಟುಕೊಳ್ಳಬೇಡಿ. "ನಮ್ಮ ತಂದೆಯವರ ಕಾಲದಲ್ಲಿ ಇಂಟರ್‌ನೆಟ್ ಇತ್ತೆ?" ಎನ್ನುತ್ತಾರೆ. ಇರಲಿಲ್ಲ. ಸಾರ್ವಜನಿಕರಿಗೆ ಅದು ಬಂದದ್ದೇ 1995ರ ಆಗಸ್ಟ್ 15ರಂದು, ವಿಎಸ್ಎನ್ಎಲ್ ಮೂಲಕ. ಆದರೆ ತಂದೆಯವರ ಕಾಲದಲ್ಲಿ ಕ್ರಮಸಂಖ್ಯೆ ಹಾಕಿದ ಬಿಲ್ಲುಪುಸ್ತಕವಿತ್ತು. ಅದನ್ನೂ ಬಿಟ್ಟೆವು, ಇದನ್ನೂ ಸರಿಯಾಗಿ ಹಿಡಿಯಲಿಲ್ಲ. ಪ್ರತಿ ಗಲ್ಲಾದಲ್ಲೂ ಒಂದು ಬಿಲ್ಲುಪುಸ್ತಕ ಇರಲಿ. ಗಿರಾಕಿಯ ಮೊಬೈಲಿನ ಸಂದೇಶವನ್ನಲ್ಲ, ಅಂಗಡಿಗೆ ಬಂದ ದೃಢೀಕರಣವನ್ನು ನೋಡಿ ಪಾರ್ಸೆಲು ಕೊಡಬೇಕೆಂದು ಗಲ್ಲಾದವನಿಗೆ ಮೊದಲೇ ಹೇಳಿಕೊಟ್ಟಿರಲಿ. ಹೇಳಿಕೊಡದೆ ಆಮೇಲೆ ಬೈಯುವುದು ಯಜಮಾನಿಕೆಯಲ್ಲ.

ಇದು ಹೊಟೇಲಿನವರಿಗೆ ಮಾತ್ರ ಹೇಳಿದ್ದಲ್ಲ. ಎರಡು ಮೂರು ಕಡೆ ಟ್ಯೂಶನ್ ತರಗತಿ ನಡೆಸುವವರು, ರಕ್ತಪರೀಕ್ಷೆಯ ಕೇಂದ್ರಗಳನ್ನು ಇಟ್ಟವರು, ಶಾಖೆಗಳುಳ್ಳ ಪತ್ತಿನ ಸಹಕಾರಿ ಸಂಘಗಳ ನಿರ್ದೇಶಕರು, ಸಾರಿಗೆ ಕಚೇರಿಯವರು ನಮ್ಮಲ್ಲಿ ಎಷ್ಟಿಲ್ಲ! ಎಲ್ಲರ ಗಲ್ಲಾದ ಹಿಂದೆಯೂ ಊರಿನಿಂದ ಬಂದ ಒಬ್ಬ ಹುಡುಗನೋ ಹುಡುಗಿಯೋ ಕೂತಿರುತ್ತಾರೆ. ಸಂಪರ್ಕ ಕಡಿದ ದಿನ ಗಿರಾಕಿಯ ಸಿಟ್ಟು ಅವರ ಮೇಲೆ, ಲೆಕ್ಕ ತಪ್ಪಿದರೆ ಯಜಮಾನರ ಸಂಶಯವೂ ಅವರ ಮೇಲೆ. ಕರಾರಿಗೆ ಸಹಿ ಹಾಕಿದವರು ಅವರಲ್ಲ, ಅಗ್ಗದ್ದನ್ನು ಆರಿಸಿದವರೂ ಅವರಲ್ಲ.

ಭಾವನವರು ಈಗ ಮುಲುಂಡಿನಲ್ಲಿ ಒಂದು ಫೈಬರನ್ನು ತೆಗೆಸಿ ಅದರ ಜಾಗಕ್ಕೆ ಗೋಪುರದ ಸಂಪರ್ಕ ಹಾಕಿಸಿದ್ದಾರೆ. ಶಾಖೆಗಳ ಜೋಡಣೆಯನ್ನೂ ಬಿಡಿಸಿದ್ದಾರೆ. ತಿಂಗಳ ಖರ್ಚು ಸ್ವಲ್ಪ ಏರಿದೆ. ಎಷ್ಟೆಂದು ಕೇಳಿದರೆ, "ದಿನಕ್ಕೆ ಎರಡು ಮಸಾಲೆದೋಸೆ ಮಾರಾಯಾ" ಎಂದರು. ಅಂದು ನಕ್ಕ ಹಿರಿಯರಿಗೆ ನಮ್ಮ ವಿನಂತಿ ಇಷ್ಟೇ: ಮುಂದಿನ ಸಲ ಕರಾರು ನವೀಕರಿಸುವಾಗ ಬೆಲೆಯ ಲಕೋಟೆಯನ್ನು ಕೊನೆಗೆ ತೆರೆಯಿರಿ. ಹೇಗೆಂದು ತಿಳಿಯದಿದ್ದರೆ ನಮ್ಮನ್ನು ಕರೆಯಿರಿ. ಕಚೇರಿ ಬಿಟ್ಟ ಮೇಲೆ ಬಂದು, ಒಂದು ಲೋಟ ಕಾಫಿಗೆ, ಎಲ್ಲಾ ಕೊಟೇಶನುಗಳ ತುಲನಾ ಪಟ್ಟಿ ಮಾಡಿಕೊಡುತ್ತೇವೆ. ಗುಮಾಸ್ತರಿಗೆ ಅಷ್ಟಾದರೂ ಗೊತ್ತು.